ವಸಂತವಿಲ್ಲದ ವರ್ಷ: ಸಿನಿಮಾದಲ್ಲಿ ವ್ಯಸನ ಮತ್ತು ಕನಸು

ವ್ಯಸನವನ್ನು ಕುರಿತ ಚಲನಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವುಗಳಲ್ಲಿ ಬಹುಪಾಲು ಒಂದೇ ಕಥೆಯನ್ನು ಹೇಳುತ್ತಿರುವುದು ಕಾಣುತ್ತದೆ. ಒಬ್ಬನಿಗೆ ಪ್ರೀತಿಯದೋ ಬರವಣಿಗೆಯದೋ ಸಂಗೀತದ್ದೋ ಒಂದು ಕನಸಿರುತ್ತದೆ. ಅದು ಕೈಗೂಡಬೇಕಾದ ಹೊತ್ತಿಗೆ ಬಾಟಲಿಯೋ ಸೂಜಿಯೋ ಅಡ್ಡ ಬಂದು ಅವನನ್ನು ಹಾಳುಮಾಡುತ್ತದೆ. ಈ ಕಥೆಯಲ್ಲಿ ಕನಸಿನ ಮೇಲೆ ಯಾವ ಆರೋಪವೂ ಇರುವುದಿಲ್ಲ, ತಪ್ಪೆಲ್ಲ ಚಟದ್ದು, ಮತ್ತು ಚಟವನ್ನು ತೆಗೆದುಹಾಕಿದರೆ ಕನಸು ಮೊದಲಿನ ಶುಭ್ರತೆಯಲ್ಲೇ ಉಳಿದಿರುತ್ತದೆಂಬ ನಂಬಿಕೆ ಅದರ ಅಡಿಪಾಯವಾಗಿರುತ್ತದೆ. ಆದರೆ ಸಿನಿಮಾದ ಇತಿಹಾಸದಲ್ಲಿ ಕೆಲವೇ ಕೆಲವು ಕೃತಿಗಳು ಈ ನಂಬಿಕೆಯನ್ನು ಪ್ರಶ್ನಿಸಿ, ಕನಸೂ ಚಟವೂ ಒಂದೇ ಬೇರಿನಿಂದ ಚಿಗುರಬಲ್ಲವು, ಎರಡೂ ಮನುಷ್ಯನನ್ನು ಇಂದಿನಿಂದ ಕಿತ್ತು ಇನ್ನೂ ಬಾರದ ಒಂದು ಗಳಿಗೆಗೆ ಒತ್ತೆಯಿಡಬಲ್ಲವು ಎಂಬುದನ್ನು ತೋರಿಸಿವೆ. ಅಂಥ ಕೃತಿಗಳಲ್ಲಿ ಡ್ಯಾರನ್ ಅರೊನೊಫ್‌ಸ್ಕಿ ನಿರ್ದೇಶನದ 'ರಿಕ್ವಿಯಂ ಫಾರ್ ಎ ಡ್ರೀಮ್' (2000) ಮುಖ್ಯವಾದುದು. ಈ ಉಪನ್ಯಾಸ ಆ ಚಿತ್ರವನ್ನು ನಡುವೆ ಇಟ್ಟುಕೊಂಡು, ಅದರ ಹಿಂದಿನ ಪರಂಪರೆಯನ್ನೂ ಅದರ ಮಿತಿಯನ್ನೂ ಪರಿಶೀಲಿಸುತ್ತದೆ.

ಭಾರತೀಯ ಪ್ರೇಕ್ಷಕನಿಗೆ ಮೊದಲ ಮಾದರಿ ಪರಿಚಿತವಾದದ್ದು ದೇವದಾಸನಿಂದ. ಶರತ್‌ಚಂದ್ರ ಚಟ್ಟೋಪಾಧ್ಯಾಯರ ಕಾದಂಬರಿ 1917ರಲ್ಲಿ ಪ್ರಕಟವಾಯಿತು. 1935ರಲ್ಲಿ ಪ್ರಮಥೇಶ ಬರುವಾ ಅದನ್ನು ಬಂಗಾಳಿಯಲ್ಲಿ ತೆರೆಗೆ ತಂದ ಮೇಲೆ ಸೈಗಲ್, ನಾಗೇಶ್ವರರಾವ್, ದಿಲೀಪ್ ಕುಮಾರ್, ಶಾರುಖ್ ಖಾನ್ ಹೀಗೆ ತಲೆಮಾರಿಗೊಬ್ಬ ನಟ ಆ ಪಾತ್ರವನ್ನು ಹೊತ್ತರು. ದೇವದಾಸನ ಕುಡಿತ ರೋಗವಾಗಿ ಚಿತ್ರಿತವಾದದ್ದು ಕಡಿಮೆ, ಪ್ರೇಮದ ಪ್ರಮಾಣಪತ್ರವಾಗಿ ಚಿತ್ರಿತವಾದದ್ದೇ ಹೆಚ್ಚು. ಅವನು ಎಷ್ಟು ಕುಡಿದನೋ ಅಷ್ಟು ಪ್ರೀತಿಸಿದ್ದನೆಂದು ಅರ್ಥ. ಅವನ ಕೆಮ್ಮು, ಅವನ ಕೆಂಡದಂಥ ಕಣ್ಣು, ಪಾರ್ವತಿಯ ಗಂಡನ ಮನೆಯ ಮುಂದೆ ಅವನ ಸಾವು, ಇವೆಲ್ಲ ಕನಸಿನ ಗೌರವವನ್ನು ಹೆಚ್ಚಿಸುವ ಆಭರಣಗಳಾಗಿ ಬರುತ್ತವೆ. ನಮ್ಮ ಚಿತ್ರರಂಗಗಳ ಅಸಂಖ್ಯ ನಾಯಕರು ಪ್ರೇಮ ಮುರಿದ ಮರುದೃಶ್ಯದಲ್ಲೇ ಬಾರಿನ ಮೇಜಿಗೆ ತಲೆಯಿಟ್ಟು ಹಾಡುವುದು ಈ ಪರಂಪರೆಯ ಫಲ. ಪರದೆಯ ಅಂಚಿನಲ್ಲಿ ಮದ್ಯಪಾನ ಆರೋಗ್ಯಕ್ಕೆ ಹಾನಿಕರವೆಂಬ ಸಾಲು ಓಡುತ್ತಿರುತ್ತದೆ, ಆದರೆ ಬೆಳಕು, ಸಂಗೀತ, ನಾಯಕನ ಮುಖದ ಸಮೀಪಚಿತ್ರ ಎಲ್ಲವೂ ಆ ಸಾಲಿಗೆ ವಿರುದ್ಧವಾದದ್ದನ್ನೇ ಹೇಳುತ್ತಿರುತ್ತವೆ, ಮತ್ತು ಪ್ರೇಕ್ಷಕ ನಂಬುವುದು ಮುಖವನ್ನೇ.

ಹಾಲಿವುಡ್ಡಿನಲ್ಲಿ ಕುಡಿತವನ್ನು ಗಂಭೀರವಾಗಿ ನೋಡಿದ ಮೊದಲ ದೊಡ್ಡ ಚಿತ್ರಗಳಲ್ಲಿ ಒಂದು ಬಿಲ್ಲಿ ವೈಲ್ಡರ್ ಅವರ 'ದಿ ಲಾಸ್ಟ್ ವೀಕೆಂಡ್' (1945). ಅತ್ಯುತ್ತಮ ಚಿತ್ರ, ನಿರ್ದೇಶನ, ನಟ ಮತ್ತು ಚಿತ್ರಕಥೆಗೆ ಆಸ್ಕರ್ ಪಡೆದ ಈ ಚಿತ್ರದ ನಾಯಕ ಡಾನ್ ಬರ್ನಮ್ ಬರೆಯಲಾಗದ ಬರಹಗಾರ. ಅವನು ಬಾರಿನ ಕಟ್ಟೆಯ ಮೇಲೆ ಗ್ಲಾಸು ಎತ್ತಿದಾಗಲೆಲ್ಲ ಒಂದು ಒದ್ದೆಯ ಉಂಗುರ ಉಳಿಯುತ್ತದೆ. ಹೊತ್ತು ಕಳೆದಂತೆ ಉಂಗುರಗಳು ಒಂದರ ಪಕ್ಕ ಒಂದು ಸೇರುತ್ತ ಹೋಗುತ್ತವೆ, ಅವನು ಅವನ್ನು ಒರೆಸಲು ಬಿಡುವುದಿಲ್ಲ. ಕುಡಿತದ ಲೆಕ್ಕವನ್ನು ಮಾತಿಲ್ಲದೆ ಹೇಳುವ ಈ ಉಂಗುರಗಳು ಸಿನಿಮಾ ಕಂಡುಕೊಂಡ ಅಪೂರ್ವ ರೂಪಕ. ಮುಂದೊಂದು ದಿನ ಅವನು ಬೆರಳಚ್ಚು ಯಂತ್ರವನ್ನು ಗಿರವಿ ಇಟ್ಟು ಕುಡಿಯಲೆಂದು ನ್ಯೂಯಾರ್ಕಿನ ಥರ್ಡ್ ಅವೆನ್ಯೂ ಉದ್ದಕ್ಕೂ ಅದನ್ನು ಹೊತ್ತು ನಡೆಯುತ್ತಾನೆ, ಆದರೆ ಅಂದು ಯಹೂದಿಗಳ ಯೋಮ್ ಕಿಪ್ಪುರ್ ಹಬ್ಬವಾದ್ದರಿಂದ ಗಿರವಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಕನಸಿನ ಉಪಕರಣವೇ ಚಟದ ಬಂಡವಾಳವಾಗುವ ಈ ದೃಶ್ಯದಲ್ಲಿ ಎರಡೂ ಎಷ್ಟು ಹತ್ತಿರ ಬರುತ್ತವೆಂದರೆ, ಬರ್ನಮ್‌ಗೆ ಬರೆಯುವುದಕ್ಕಿಂತ ಬರಹಗಾರನೆಂಬ ಕಲ್ಪನೆಯೇ ಹೆಚ್ಚು ಮತ್ತೇರಿಸುತ್ತಿದೆಯೇನೋ ಎಂಬ ಅನುಮಾನ ಹುಟ್ಟುತ್ತದೆ. ಚಿತ್ರ ಆ ಅನುಮಾನವನ್ನು ಬೆನ್ನಟ್ಟದೆ, ಕಡೆಯಲ್ಲಿ ಅವನನ್ನು ಬರೆಯಲು ಕೂರಿಸುವ ಭರವಸೆಯೊಂದಿಗೆ ಮುಗಿಯುತ್ತದೆ.

ಮಾದಕ ದ್ರವ್ಯದ ವಿಷಯಕ್ಕೆ ಬಂದರೆ ದಾರಿ ಇನ್ನೂ ಇಕ್ಕಟ್ಟಾಗಿತ್ತು. ಅಮೆರಿಕದ ಚಿತ್ರೋದ್ಯಮ 1930ರಲ್ಲಿ ತಾನೇ ಒಪ್ಪಿ, 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ತಂದ ನಿರ್ಮಾಣ ಸಂಹಿತೆ, ಅಂದರೆ ತೆರೆಯ ಮೇಲೆ ಏನು ತೋರಿಸಬಹುದು ಏನು ಕೂಡದು ಎಂಬ ನಿಯಮಾವಳಿ, ಮಾದಕ ವಸ್ತುಗಳ ಚಿತ್ರಣಕ್ಕೆ ತಡೆಯೊಡ್ಡಿತ್ತು. ಕೆಡುಕಿನ ಕಡೆ ಪ್ರೇಕ್ಷಕನ ಸಹಾನುಭೂತಿ ವಾಲಬಾರದೆಂಬುದು ಅದರ ಮೂಲ ತತ್ತ್ವ. ಆಟೋ ಪ್ರೆಮಿಂಜರ್ 1955ರಲ್ಲಿ 'ದಿ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್' ಚಿತ್ರವನ್ನು ಸಂಹಿತೆಯ ಮುದ್ರೆಯಿಲ್ಲದೆಯೇ ಬಿಡುಗಡೆ ಮಾಡಿದರು, ಮತ್ತು ಮರುವರ್ಷ ಸಂಹಿತೆಯನ್ನೇ ಸಡಿಲಿಸಬೇಕಾಯಿತು. ಫ್ರಾಂಕ್ ಸಿನಾತ್ರಾ ಅಭಿನಯಿಸಿದ ನಾಯಕನ ಕೈ ಇಸ್ಪೀಟು ಹಂಚುವುದರಲ್ಲಿ ಪಳಗಿದ ಕೈ, ಡ್ರಮ್ ನುಡಿಸಲು ಹಂಬಲಿಸುವ ಕೈ, ಸೂಜಿ ಚುಚ್ಚಿಸಿಕೊಳ್ಳುವ ಕೈಯೂ ಹೌದು. ಸಾಲ್ ಬಾಸ್ ರೂಪಿಸಿದ ಶೀರ್ಷಿಕೆಯ ಚಿತ್ರಿಕೆಯಲ್ಲಿ ಆ ತೋಳು ಮುರಿಮುರಿಯಾದ ಕಪ್ಪು ಆಕೃತಿಯಾಗಿ ಇಳಿದುಬರುತ್ತದೆ. ಪ್ರತಿಭೆ, ದುಡಿಮೆ, ಚಟ ಮೂರೂ ಒಂದೇ ಅಂಗದಲ್ಲಿ ನೆಲೆಸಿವೆಯೆಂಬ ಈ ಕಾಣ್ಕೆ ಇಡೀ ಚಿತ್ರಕ್ಕಿಂತ ಮುಂದಿತ್ತು.

ಈ ಹಿನ್ನೆಲೆಯಲ್ಲಿ 'ರಿಕ್ವಿಯಂ ಫಾರ್ ಎ ಡ್ರೀಮ್' ನೋಡಬೇಕು. ಸತ್ತವರ ಶಾಂತಿಗಾಗಿ ಕ್ರೈಸ್ತರು ಸಲ್ಲಿಸುವ ಪೂಜೆಯ ಹೆಸರನ್ನು ಹೊತ್ತ ಈ ಚಿತ್ರ ಹ್ಯೂಬರ್ಟ್ ಸೆಲ್ಬಿ ಜೂನಿಯರ್ 1978ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿದ್ದು, ಚಿತ್ರಕಥೆಯಲ್ಲಿ ಸೆಲ್ಬಿಯೂ ಕೈಜೋಡಿಸಿದ್ದಾರೆ. ಕ್ಷಯರೋಗಕ್ಕೆ ತುತ್ತಾಗಿ, ಶಸ್ತ್ರಚಿಕಿತ್ಸೆಗಳ ನೋವು ನೀಗುವ ಔಷಧಿಗಳಿಂದಲೇ ಚಟಕ್ಕೆ ಬಿದ್ದಿದ್ದ ಸೆಲ್ಬಿಗೆ ಈ ಲೋಕ ಪುಸ್ತಕದಿಂದ ತಿಳಿದದ್ದಲ್ಲ. ಕಥೆ ನಡೆಯುವುದು ಬ್ರೂಕ್ಲಿನ್‌ನ ಕಡಲಂಚಿನ ಕೋನಿ ಐಲೆಂಡ್ ಸುತ್ತಮುತ್ತ. ವಿಧವೆ ಸಾರಾ ಗೋಲ್ಡ್‌ಫಾರ್ಬ್, ಅವಳ ಮಗ ಹ್ಯಾರಿ, ಅವನ ಪ್ರೇಯಸಿ ಮೇರಿಯನ್, ಗೆಳೆಯ ಟೈರೋನ್ ಈ ನಾಲ್ವರದು ನಾಲ್ಕು ಕನಸು: ಸಾರಾಳಿಗೆ ಟೀವಿಯಲ್ಲಿ ಕಾಣಿಸಿಕೊಳ್ಳಬೇಕು, ಮೇರಿಯನ್‌ಗೆ ತನ್ನ ವಿನ್ಯಾಸದ ಉಡುಪಿನ ಅಂಗಡಿ ತೆರೆಯಬೇಕು, ಹ್ಯಾರಿಗೆ ಅವಳಿಗೆ ಅದನ್ನು ಕೊಡಿಸಬೇಕು, ಟೈರೋನ್‌ಗೆ ತಾಯಿಗೆ ಬಾಲ್ಯದಲ್ಲಿ ಕೊಟ್ಟ ಮಾತಿನಂತೆ ಏನಾದರೂ ಆಗಬೇಕು. ಚಿತ್ರವನ್ನು ಬೇಸಿಗೆ, ಶರತ್ಕಾಲ, ಚಳಿಗಾಲವೆಂದು ಮೂರು ಭಾಗ ಮಾಡಲಾಗಿದೆ. ವಸಂತವನ್ನು ಬೇಕೆಂದೇ ಬಿಡಲಾಗಿದೆ.

ಚಿತ್ರದ ಆರಂಭದಲ್ಲೇ ಹ್ಯಾರಿ ತಾಯಿಯ ಟೀವಿಯನ್ನು ಗಿರವಿ ಇಡಲು ಎಳೆದೊಯ್ಯುತ್ತಾನೆ, ಅವಳು ಕೋಣೆಯ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿರುತ್ತಾಳೆ. ಆಮೇಲೆ ಅಂಗಡಿಗೆ ಹೋಗಿ, ಹಿಂದೆಯೂ ಮಾಡಿದಂತೆ, ಹಣ ಕಟ್ಟಿ ಅದನ್ನು ಬಿಡಿಸಿಕೊಂಡು ಬರುತ್ತಾಳೆ. ಪೊಲೀಸರಿಗೆ ಹೇಳಬಾರದೇ ಎಂದು ಅಂಗಡಿಯಾತ ಕೇಳಿದರೆ ತನಗಿರುವವನು ಒಬ್ಬನೇ ಮಗನೆನ್ನುತ್ತಾಳೆ. ಒಂದೇ ಟೀವಿ ಮಗನಿಗೆ ಹೆರಾಯಿನ್ನಿನ ಬೆಲೆಯಾಗಿಯೂ ತಾಯಿಗೆ ಹೆರಾಯಿನ್ನಾಗಿಯೂ ಒದಗುವುದನ್ನು ಈ ಪುಟ್ಟ ಸಂಸಾರದ ವ್ಯವಹಾರದಲ್ಲೇ ನಿರ್ದೇಶಕರು ಹೇಳಿಮುಗಿಸಿದ್ದಾರೆ. ಮುಂದೆ ಅವಳಿಗೊಂದು ಫೋನ್ ಕರೆ ಬಂದು, ಟೀವಿ ಕಾರ್ಯಕ್ರಮಕ್ಕೆ ಆಯ್ಕೆಯಾಗಿರುವೆಯೆಂದು ಯಾರೋ ಹೇಳುತ್ತಾರೆ. ಮಗನ ಶಾಲಾ ಪದವಿ ಸಮಾರಂಭಕ್ಕೆ ಉಟ್ಟಿದ್ದ ಕೆಂಪು ಉಡುಪು ಈಗ ಮೈಗೆ ಹಿಡಿಸುವುದಿಲ್ಲ. ತೂಕ ಇಳಿಸಲು ವೈದ್ಯರ ಬಳಿ ಹೋಗುತ್ತಾಳೆ. ಆತ ಅವಳ ಮುಖವನ್ನು ಸರಿಯಾಗಿ ನೋಡದೆಯೇ ಗುಳಿಗೆಗಳನ್ನು ಬರೆದುಕೊಡುತ್ತಾನೆ. ಬೆಳಿಗ್ಗೆಗೊಂದು ಬಣ್ಣ, ಮಧ್ಯಾಹ್ನಕ್ಕೊಂದು, ಸಂಜೆಗೊಂದು, ರಾತ್ರಿ ನಿದ್ದೆಗೆ ಹಸಿರು. ಹಗಲಿನವು ಆಂಫೆಟಮೈನ್ ವರ್ಗದವು, ಅಂದರೆ ಹಸಿವನ್ನು ಅಡಗಿಸಿ ನರಗಳನ್ನು ಉದ್ರೇಕಿಸುವ ಔಷಧ. ಇದು ಕಾದಂಬರಿಕಾರನ ಕಲ್ಪನೆಯಷ್ಟೇ ಅಲ್ಲ, 1960ರ ದಶಕದ ಅಮೆರಿಕದಲ್ಲಿ ಬಣ್ಣಬಣ್ಣದ ತೂಕ ಇಳಿಸುವ ಗುಳಿಗೆಗಳು ಚಿಕಿತ್ಸಾಲಯಗಳಲ್ಲೇ ಧಾರಾಳವಾಗಿ ಸಿಗುತ್ತಿದ್ದವು. ಬೀದಿಯ ಹುಡುಗರಿಗಿಂತ ಮೊದಲು, ವೈದ್ಯರ ಚೀಟಿ ಹಿಡಿದ ವೃದ್ಧೆಯೊಬ್ಬಳು ಸಂಪೂರ್ಣ ಕಾನೂನುಬದ್ಧವಾಗಿ ಉನ್ಮಾದಕ್ಕೆ ಜಾರುವುದು ಈ ಚಿತ್ರದ ನಿಜವಾದ ಧೈರ್ಯ.

ಆ ಜಾರುವಿಕೆಯನ್ನು ತೋರಿಸಲು ಅರೊನೊಫ್‌ಸ್ಕಿ ಬಳಸಿದ ತಂತ್ರವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೊಂಟಾಜ್ ಎಂದರೆ ಬಿಡಿ ಚಿತ್ರಿಕೆಗಳನ್ನು ಜೋಡಿಸಿ ಅವುಗಳ ನಡುವಿನ ಘರ್ಷಣೆಯಿಂದ ಅರ್ಥ ಹುಟ್ಟಿಸುವ ಸಂಕಲನ ಕ್ರಮ. ಇಲ್ಲಿ ಅದು ವಿಪರೀತ ವೇಗ ಪಡೆಯುತ್ತದೆ: ಲೈಟರ್ ಕಿಡಿ, ಕುದಿಯುವ ದ್ರವ, ಸೂಜಿಯ ಒತ್ತು, ಹಿಗ್ಗುವ ಕಣ್ಣಪಾಪೆ, ಒಂದು ನಿಟ್ಟುಸಿರು. ಎರಡು ಮೂರು ಸೆಕೆಂಡಿನಲ್ಲಿ ಮುಗಿಯುವ ಈ ಸರಣಿ ಮತ್ತೆ ಮತ್ತೆ ಬರುತ್ತದೆ. ಸುಖ ಅನುಭವಿಸುವ ಹೊತ್ತಿಗೆ ಚಿತ್ರ ಮುಂದೆ ಹೋಗಿರುತ್ತದೆ, ಉಳಿಯುವುದು ಅದರ ಸಿದ್ಧತೆಯ ಆಚರಣೆ ಮಾತ್ರ. ಸಾರಾ ರಿಮೋಟ್ ಒತ್ತುವುದು, ಗುಳಿಗೆಯ ಡಬ್ಬಿ ತೆರೆಯುವುದು, ನುಂಗುವುದು ಕೂಡ ಇದೇ ಲಯದಲ್ಲಿ, ಇದೇ ಬಗೆಯ ಶಬ್ದಗಳೊಂದಿಗೆ ಬರುವುದರಿಂದ ತಾಯಿಗೂ ಮಗನಿಗೂ ಇರುವ ಅಂತರವನ್ನು ಸಂಕಲನವೇ ಅಳಿಸಿಹಾಕುತ್ತದೆ. ಸಾಮಾನ್ಯ ಚಿತ್ರವೊಂದರಲ್ಲಿ ಆರೇಳು ನೂರು ಕಟ್‌ಗಳಿದ್ದರೆ ನೂರು ನಿಮಿಷದ ಈ ಚಿತ್ರದಲ್ಲಿ 2000ಕ್ಕೂ ಹೆಚ್ಚಿವೆ. ಪ್ರೇಮಿಗಳು ಪಕ್ಕಪಕ್ಕ ಮಲಗಿ ಒಬ್ಬರನ್ನೊಬ್ಬರು ಮುಟ್ಟುತ್ತಿರುವಾಗಲೂ ಪರದೆ ಎರಡಾಗಿ ಸೀಳಿರುತ್ತದೆ, ಬೆರಳು ಒಂದು ಚೌಕಟ್ಟಿನಲ್ಲಿ, ಬೆರಳು ತಾಗಿದ ಕೆನ್ನೆ ಇನ್ನೊಂದರಲ್ಲಿ. ಕ್ಯಾಮೆರಾವನ್ನು ನಟನ ಮೈಗೇ ಕಟ್ಟುವ ಸ್ನೋರಿಕ್ಯಾಮ್ ಎಂಬ ಸಲಕರಣೆಯಿಂದ ತೆಗೆದ ದೃಶ್ಯಗಳಲ್ಲಿ ಮುಖ ನಿಶ್ಚಲವಾಗಿದ್ದು ಜಗತ್ತೇ ತೂಗಾಡುತ್ತದೆ.

ಇಷ್ಟೆಲ್ಲ ವೇಗದ ನಡುವೆ ಚಿತ್ರದ ಅತ್ಯುತ್ತಮ ದೃಶ್ಯ ನಿಧಾನವಾದುದು. ಹೊಸ ಟೀವಿ ಕೊಡಿಸಿರುವೆನೆಂದು ಹೇಳಲು ಬಂದ ಹ್ಯಾರಿ, ತಾಯಿ ಹಲ್ಲು ಕಡಿಯುವ ಸದ್ದು ಕೇಳಿ, ಅನುಭವಿಯಾದ್ದರಿಂದ, ಅದು ಏನೆಂದು ಗುರುತಿಸುತ್ತಾನೆ. ಗುಳಿಗೆ ಬಿಡು ಎನ್ನುತ್ತಾನೆ. ಆಗ ಎಲೆನ್ ಬರ್ಸ್ಟಿನ್ ಅಭಿನಯಿಸಿದ ಸಾರಾ ಮಗನಿಗೆ ತಿಳಿಹೇಳುತ್ತಾಳೆ: ಈಗ ನೆರೆಹೊರೆಯವರು ತನ್ನನ್ನು ಇಷ್ಟಪಡುತ್ತಾರೆ, ಕಟ್ಟಡದ ಮುಂದೆ ಬಿಸಿಲಿಗೆ ಕೂರುವ ಹೆಂಗಸರ ನಡುವೆ ಒಳ್ಳೆಯ ಜಾಗ ತನಗೆ ಸಿಕ್ಕಿದೆ, ಬೆಳಿಗ್ಗೆ ಏಳುವುದಕ್ಕೊಂದು ಕಾರಣವಿದೆ, ಗಂಡನಿಲ್ಲ ಮಗ ದೂರ, ಅಡುಗೆ ಮಾಡಿ ಬಡಿಸಲು ಯಾರೂ ಇಲ್ಲ. ಈ ದೃಶ್ಯವನ್ನು ತೆಗೆಯುವಾಗ ಛಾಯಾಗ್ರಾಹಕ ಮ್ಯಾಥ್ಯೂ ಲಿಬಟೀಕ್ ಅಳುತ್ತಿದ್ದುದರಿಂದ ಕ್ಯಾಮೆರಾ ಚೌಕಟ್ಟಿನಿಂದ ಕೊಂಚ ಸರಿಯಿತೆಂದೂ ಆ ತುಣುಕನ್ನೇ ಉಳಿಸಿಕೊಳ್ಳಲಾಯಿತೆಂದೂ ನಿರ್ದೇಶಕರು ಹೇಳಿದ್ದಾರೆ. ಸಾರಾಳ ಮಾತನ್ನು ಗಮನವಿಟ್ಟು ಕೇಳಿದರೆ ಅವಳಿಗೆ ಬೇಕಾದದ್ದು ಟೀವಿಯೂ ಅಲ್ಲ, ತೆಳ್ಳಗಿನ ಮೈಯೂ ಅಲ್ಲ, ಯಾರಾದರೂ ತನ್ನನ್ನು ಕಾಯುತ್ತಿದ್ದಾರೆಂಬ ಭಾವನೆಯೆಂದು ತಿಳಿಯುತ್ತದೆ. ಅದನ್ನು ಕೊಡಬಲ್ಲವನು ಎದುರಿಗೇ ಕುಳಿತಿದ್ದಾನೆ. ಅವನು ಎದ್ದುಹೋಗಿ ಟ್ಯಾಕ್ಸಿಯಲ್ಲಿ ಅಳುತ್ತಾನೆ.

ಮನೋವಿಜ್ಞಾನದ ಒಂದು ಸಿದ್ಧಾಂತ ಇಲ್ಲಿ ಉಪಯುಕ್ತ. ಟೆರಿ ರಾಬಿನ್‌ಸನ್ ಮತ್ತು ಕೆಂಟ್ ಬೆರಿಜ್ 1993ರಲ್ಲಿ ಮಂಡಿಸಿದ ವಾದದ ಪ್ರಕಾರ ಮಿದುಳಿನಲ್ಲಿ ಬಯಸುವ ವ್ಯವಸ್ಥೆಯೂ ಸವಿಯುವ ವ್ಯವಸ್ಥೆಯೂ ಬೇರೆಬೇರೆ. ಡೋಪಮೀನ್ ಎಂಬ ನರವಾಹಕ, ಅಂದರೆ ನರಕೋಶಗಳ ನಡುವೆ ಸಂದೇಶ ಸಾಗಿಸುವ ರಾಸಾಯನಿಕ, ಮುಖ್ಯವಾಗಿ ಬಯಕೆಗೆ ಸಂಬಂಧಪಟ್ಟದ್ದು. ಮಾದಕ ವಸ್ತುವಿನ ನಿರಂತರ ಬಳಕೆಯಿಂದ ಬಯಸುವ ವ್ಯವಸ್ಥೆ ಅತಿಯಾಗಿ ಚುರುಕಾಗುತ್ತದೆ, ಸವಿಯುವುದು ಮಾತ್ರ ಹೆಚ್ಚುವುದಿಲ್ಲ. ಹೀಗಾಗಿ ಚಟಕ್ಕೆ ಬಿದ್ದವನು ಸುಖ ಕಡಿಮೆಯಾದ ಮೇಲೂ ಹಿಂದಿಗಿಂತ ತೀವ್ರವಾಗಿ ಅದನ್ನೇ ಬಯಸುತ್ತಾನೆ. ಸುಖದ ಚಿತ್ರಿಕೆಯನ್ನು ಕಿತ್ತುಹಾಕಿ ಸಿದ್ಧತೆಯ ಚಿತ್ರಿಕೆಗಳನ್ನಷ್ಟೇ ಉಳಿಸಿಕೊಂಡ ಅರೊನೊಫ್‌ಸ್ಕಿಯ ಸಂಕಲನ ಈ ಸಿದ್ಧಾಂತಕ್ಕೆ ಒಪ್ಪುವ ರೂಪ. ಹ್ಯಾರಿಯ ಕಲ್ಪನೆಯಲ್ಲಿ ಕಡಲ ಸೇತುವೆಯ ತುದಿಗೆ ಮೇರಿಯನ್ ಕೆಂಪು ಉಡುಪಿನಲ್ಲಿ ನಿಂತಿರುತ್ತಾಳೆ. ಅವಳೇ ಪಕ್ಕದಲ್ಲಿ ಮಲಗಿರುವಾಗಲೂ ಅವನಿಗೆ ಕಾಣುವುದು ದೂರದ ಆ ಆಕೃತಿ.

ಆದರೂ ಚಿತ್ರದ ಚಳಿಗಾಲದ ಭಾಗವನ್ನು ಪೂರ್ತಿ ಒಪ್ಪುವುದು ಕಷ್ಟ. ಸಾರಾಳಿಗೆ ವಿದ್ಯುದಾಘಾತ ಚಿಕಿತ್ಸೆ, ಹ್ಯಾರಿಯ ತೋಳಿಗೆ ಗರಗಸ, ಟೈರೋನ್‌ಗೆ ದಕ್ಷಿಣದ ಸೆರೆಮನೆ, ಮೇರಿಯನ್‌ಗೆ ಮೈ ಮಾರಾಟ. ನಾಲ್ಕನ್ನೂ ಹೆಣೆದು, ಕ್ಲಿಂಟ್ ಮ್ಯಾನ್ಸೆಲ್ ಅವರ ತಂತಿವಾದ್ಯಗಳ ಸಂಗೀತದಡಿ ಏಕಕಾಲಕ್ಕೆ ಶಿಕ್ಷೆ ಜಾರಿಮಾಡಲಾಗುತ್ತದೆ. ಅಮೆರಿಕದ ಚಿತ್ರ ಶ್ರೇಣೀಕರಣ ಮಂಡಳಿ ವಯಸ್ಕರಿಗಷ್ಟೇ ಎಂಬ ಅತಿ ಕಠಿಣ ಶ್ರೇಣಿ ಕೊಟ್ಟಾಗ ವಿತರಕರು ಶ್ರೇಣಿಯೇ ಬೇಡವೆಂದು ಬಿಡುಗಡೆ ಮಾಡಿದರು. ಆದರೆ ಯಾವ ಸಂಹಿತೆಯನ್ನು ಪ್ರೆಮಿಂಜರ್ ಮುರಿದರೋ, ತಪ್ಪಿಗೆ ತೆರೆಯ ಮೇಲೆ ದಂಡನೆಯಾಗಲೇಬೇಕೆಂಬ ಅದರ ಆಶಯವನ್ನು, ಸಂಹಿತೆ ತೀರಿಹೋಗಿ ದಶಕಗಳಾದ ಮೇಲೆ ಈ ದಿಟ್ಟ ಚಿತ್ರ ಇನ್ನಷ್ಟು ಕ್ರೂರವಾಗಿ ಪಾಲಿಸಿದೆ. ಚಟಕ್ಕೆ ಬಿದ್ದವರಲ್ಲಿ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ, ಮತ್ತೆ ಬೀಳುತ್ತಾರೆ, ಮತ್ತೆ ಏಳುತ್ತಾರೆ; ಆ ಏಳುಬೀಳಿಗೆ ಇಲ್ಲಿ ಜಾಗವೇ ಇಲ್ಲ.

ಮಾದಕ ವಸ್ತುವಿಲ್ಲದೆಯೂ ಕನಸು ಮನುಷ್ಯನನ್ನು ತಿನ್ನಬಲ್ಲುದೆಂಬುದನ್ನು ಅರೊನೊಫ್‌ಸ್ಕಿಯೇ 'ಬ್ಲ್ಯಾಕ್ ಸ್ವಾನ್' (2010) ಚಿತ್ರದ ಬ್ಯಾಲೆ ನರ್ತಕಿಯಲ್ಲಿ ತೋರಿಸಿದರು. ಇನ್ನೂ ತೀಕ್ಷ್ಣವಾದುದು ಡೇಮಿಯನ್ ಶಜೆಲ್ ಅವರ 'ವಿಪ್‌ಲ್ಯಾಶ್' (2014). ಅದರಲ್ಲಿ ಡ್ರಮ್ ಕಲಿಯುವ ಹುಡುಗ, ಕೈಯಿಂದ ರಕ್ತ ಸುರಿಯುವವರೆಗೆ ಅಭ್ಯಾಸ ಮಾಡುವವನು, ಊಟದ ಮೇಜಿನಲ್ಲಿ ಜಾಝ್ ಕಲಾವಿದ ಚಾರ್ಲಿ ಪಾರ್ಕರ್‌ನನ್ನು ಆದರ್ಶವೆನ್ನುತ್ತಾನೆ; ಹೆರಾಯಿನ್ ಮತ್ತು ಕುಡಿತದಿಂದ 34ನೇ ವಯಸ್ಸಿಗೆ ಸತ್ತದ್ದು ಯಶಸ್ಸೇ ಎಂದು ತಂದೆ ಕೇಳಿದರೆ, ತೊಂಬತ್ತು ವರ್ಷ ನೆಟ್ಟಗೆ ಬದುಕಿ ಮರೆತುಹೋಗುವುದಕ್ಕಿಂತ ಅದೇ ಮೇಲೆಂಬ ಧಾಟಿಯಲ್ಲಿ ಉತ್ತರಿಸುತ್ತಾನೆ. ದೇವದಾಸನ ಪರಂಪರೆ ಇಲ್ಲಿ ಪ್ರೇಮದಿಂದ ಕಲೆಗೆ ವರ್ಗವಾಗಿದೆ: ಸಾವು ಮತ್ತೆ ಪ್ರಮಾಣಪತ್ರವಾಗಿದೆ. ಚಿತ್ರದ ಕೊನೆಯ ಡ್ರಮ್ ವಾದನ ಎಷ್ಟು ಮೈನವಿರೇಳಿಸುತ್ತದೆಂದರೆ, ತಂದೆಯ ಪ್ರಶ್ನೆ ಪ್ರೇಕ್ಷಕನಿಗೂ ಮರೆತುಹೋಗುತ್ತದೆ.

ಕನ್ನಡದಲ್ಲಿ ಈ ವಿಷಯವನ್ನು ನೇರವಾಗಿ ಮುಟ್ಟಿದ ಚಿತ್ರ ಪವನ್ ಕುಮಾರ್ ಅವರ 'ಲೂಸಿಯಾ' (2013). ನೂರಕ್ಕೂ ಹೆಚ್ಚು ಜನ ಪ್ರೇಕ್ಷಕರು ಹಣ ಹೂಡಿ ತೆಗೆಸಿದ ಈ ಚಿತ್ರದಲ್ಲಿ, ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ನಿಕ್ಕಿಗೆ ನಿದ್ದೆ ಬಾರದು. ಲೂಸಿಯಾ ಎಂಬ ಗುಳಿಗೆ ನುಂಗಿದರೆ ನಿದ್ದೆಯ ಜೊತೆಗೆ ಬೇಕಾದ ಕನಸೂ ಬರುತ್ತದೆ, ಆ ಕನಸಿನಲ್ಲಿ ಅವನು ದೊಡ್ಡ ಚಿತ್ರತಾರೆ. ಟಾರ್ಚಿನವನ ಬದುಕು ಬಣ್ಣದಲ್ಲಿಯೂ ತಾರೆಯ ಬದುಕು ಕಪ್ಪುಬಿಳುಪಿನಲ್ಲಿಯೂ ಮೂಡುತ್ತವೆ. ಕನಸು ಯಾವುದು ಎಚ್ಚರ ಯಾವುದು ಎಂಬುದು ಕೊನೆಗೆ ತಿರುವುಮುರುವಾಗಿ, ಗುಳಿಗೆ ನುಂಗಿದವನು ತಾರೆಯೆಂದೂ ಅವನ ಕನಸೇ ಟಾರ್ಚಿನವನ ಸಾದಾ ಬದುಕೆಂದೂ ಹೊರಬೀಳುತ್ತದೆ. ಎಲ್ಲವನ್ನೂ ಸಾಧಿಸಿದವನು ಗುಳಿಗೆಯ ಬಲದಿಂದ ಇನ್ನೊಬ್ಬರ ಕಣ್ಣಿಗೆ ಬೀಳದ ಬಾಳನ್ನು ಕೊಂಡುಕೊಳ್ಳುವುದು ಸಾರಾಳ ಕಥೆಯ ತದ್ವಿರುದ್ಧ ತುದಿ. ಸಾರಾಳಿಗೆ ಟೀವಿಯೊಳಗೆ ಹೋಗಬೇಕಿತ್ತು, ಇವನಿಗೆ ಪರದೆಯಿಂದ ಹೊರಬರಬೇಕಿದೆ.

ಈ ಎಲ್ಲ ಚಿತ್ರಗಳೂ ಕನಸನ್ನು ಒಂಟಿ ಮನಸ್ಸಿನೊಳಗೆ ಇಟ್ಟು ನೋಡುತ್ತವೆಯೇ ಹೊರತು ಮಾರುವವನ ಕಡೆ ತಿರುಗುವುದು ಕಡಿಮೆ. ಇದಕ್ಕೆ ಭಿನ್ನವಾಗಿ ದೊರೈ-ಭಗವಾನ್ ನಿರ್ದೇಶನದ 'ಜೀವನ ಚೈತ್ರ' (1992) ವಿಶಾಲಾಕ್ಷಿ ದಕ್ಷಿಣಾಮೂರ್ತಿಯವರ ಕಾದಂಬರಿಯನ್ನು ಆಧರಿಸಿ, ರಾಜ್‌ಕುಮಾರ್ ಪಾತ್ರವನ್ನು ಸಾರಾಯಿಯ ವಿರುದ್ಧ ನಿಲ್ಲಿಸಿತು. ಹಳ್ಳಿಗಳ ಸಾರಾಯಿ ವಿರೋಧಿ ಹೋರಾಟಕ್ಕೆ ಅದು ಬಲ ಕೊಟ್ಟಿತೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ. ಆ ಚಿತ್ರಕ್ಕೆ ಕುಡುಕನ ಒಳಮನಸ್ಸು ಮುಖ್ಯವಲ್ಲ, ಊರಿಗೆ ಅಂಗಡಿ ಬಂದದ್ದು ಹೇಗೆಂಬುದು ಮುಖ್ಯ. ಅಭಿಷೇಕ್ ಚೌಬೆ ಅವರ 'ಉಡ್ತಾ ಪಂಜಾಬ್' (2016), ಸೆನ್ಸಾರ್ ಮಂಡಳಿಯೊಂದಿಗೆ ಜಗಳವಾಗಿ ಬಾಂಬೆ ಹೈಕೋರ್ಟಿನ ತೀರ್ಪಿನಿಂದ ಒಂದೇ ಕತ್ತರಿಯೊಂದಿಗೆ ಹೊರಬಂದದ್ದು, ಒಳಮನಸ್ಸು, ಮಾರಾಟ ಎರಡನ್ನೂ ಬೆಸೆಯುತ್ತದೆ. ಅದರ ಮೊದಲ ದೃಶ್ಯದಲ್ಲಿ ಗಡಿಯಾಚೆಯ ಡಿಸ್ಕಸ್ ಎಸೆತಗಾರನೊಬ್ಬ ಹೆರಾಯಿನ್ ಪೊಟ್ಟಣವನ್ನು ಕತ್ತಲಲ್ಲಿ ಬೀಸಿ ಈಚೆಗೆಸೆಯುತ್ತಾನೆ. ಅದು ಸಿಗುವುದು ಬಿಹಾರದಿಂದ ಹೊಲಗೆಲಸಕ್ಕೆ ಬಂದ, ಒಂದು ಕಾಲಕ್ಕೆ ಹಾಕಿ ಆಡುತ್ತಿದ್ದ ಹುಡುಗಿಗೆ. ಎಸೆದವನೂ ಹೆಕ್ಕಿದವಳೂ ಕ್ರೀಡಾಪಟುಗಳು. ಇಬ್ಬರ ಪಳಗಿದ ಮೈಗೂ ದೇಶ ಕೊಟ್ಟ ಕೆಲಸ ಇದು.

ಚೇತರಿಕೆಯ ಚಿತ್ರಣದಲ್ಲಿ ಸಿನಿಮಾ ಇನ್ನೂ ಹಿಂದೆ. ಯೊಆಕಿಂ ತ್ರಿಯೆರ್ ಅವರ ನಾರ್ವೇಜಿಯನ್ ಚಿತ್ರ 'ಓಸ್ಲೋ, ಆಗಸ್ಟ್ 31' (2011) ಈ ಮಾತಿಗೆ ಅಪವಾದ. ಚಿಕಿತ್ಸಾ ಕೇಂದ್ರದಿಂದ ಒಂದು ದಿನದ ಬಿಡುವು ಪಡೆದು ಸಂದರ್ಶನಕ್ಕೆ ಬಂದ ಆಂಡರ್ಸ್, ಚಟವನ್ನು ಬಿಟ್ಟಿದ್ದಾನೆ. ಆದರೆ ಉದ್ಯೋಗದ ವಿವರಗಳಲ್ಲಿ ಇಷ್ಟು ವರ್ಷ ಖಾಲಿಯಿದೆಯಲ್ಲ ಎಂದು ಸಂಪಾದಕ ಕೇಳಿದಾಗ, ತನ್ನ ಅರ್ಜಿಯನ್ನು ಹಿಂದಕ್ಕೆ ಪಡೆದು ಕಸದ ಬುಟ್ಟಿಗೆ ಹಾಕುತ್ತಾನೆ. ಆಮೇಲೆ ಕೆಫೆಯಲ್ಲಿ ಕುಳಿತು ಸುತ್ತಲಿನವರ ಮಾತು ಕೇಳಿಸಿಕೊಳ್ಳುತ್ತಾನೆ. ಹುಡುಗಿಯೊಬ್ಬಳು ಬಾಳಿನಲ್ಲಿ ತಾನು ಮಾಡಬೇಕೆಂದಿರುವುದನ್ನು ಒಂದೊಂದಾಗಿ ಗೆಳತಿಗೆ ಓದಿ ಹೇಳುತ್ತಿರುತ್ತಾಳೆ. ಬಯಸುವ ಶಕ್ತಿಯೇ ಸುಟ್ಟುಹೋದವನಿಗೆ ಆ ಪಟ್ಟಿ ಪರಭಾಷೆಯಂತೆ ಕೇಳಿಸುತ್ತದೆ. ವ್ಯಸನ ಬಿಟ್ಟ ಮನುಷ್ಯನಿಗೆ ಸಣ್ಣ, ಈಡೇರಬಲ್ಲ ಬಯಕೆಗಳನ್ನು ಮತ್ತೆ ಕಲಿಸುವುದು ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಂಥ ಕಡೆ ನಿತ್ಯ ನಡೆಯುವ ಕೆಲಸ. ಕುಡಿತ ಬಿಟ್ಟವನ ಎರಡನೆಯ ವರ್ಷ, ಅವನ ಮೇಲೆ ಮನೆಯವರ ಕಣ್ಗಾವಲು, ಸಂಬಳದ ದಿನದ ಸಂಜೆ, ಹಳೆಯ ಗೆಳೆಯರ ಮದುವೆಮನೆ, ಇವುಗಳಲ್ಲಿ ಕುಸಿತದ ದೃಶ್ಯಗಳಿಗಿಂತ ಕಡಿಮೆ ನಾಟಕವೇನಿಲ್ಲ. ಕುಡಿತದ ಹಾಡುಗಳನ್ನು ಇಷ್ಟು ಧಾರಾಳವಾಗಿ ಕೊಟ್ಟ ಕನ್ನಡ ಚಿತ್ರರಂಗ ಈ ಎರಡನೆಯ ವರ್ಷದ ಕಥೆಯನ್ನು ಕೈಗೆತ್ತಿಕೊಳ್ಳಬೇಕಾಗಿದೆ.